ದಾಪೋಡಿಯಲ್ಲಿ ಕಲಿತ ಜನರಲ್ ಮತ್ತು ನಮ್ಮೂರಿನ ರಸ್ತೆ

ಪುಣೆಯ ಕನ್ನಡಿಗರಿಗೆ ಊರಿನ ದಾರಿ ಅಂದರೆ ಒಂದೇ. ವಾಕಡ್‌ನಲ್ಲೋ ಸ್ವಾರ್‌ಗೇಟ್‌ನಲ್ಲೋ ಬಸ್ ಹತ್ತಿ ಕಾತ್ರಜ್ ದಾಟಿದರೆ ಮುಂದೆ ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ ಎಂದು ಟೋಲ್ ನಾಕಾಗಳ ಲೆಕ್ಕ. ಕೊಗನೊಳ್ಳಿ ಬಂತೆಂದರೆ ಕರ್ನಾಟಕ. ಬೆಳಗಾವಿಯವರು ಬೇಗ ಇಳಿಯುತ್ತಾರೆ, ದಾವಣಗೆರೆಯವರಿಗೆ ಇನ್ನೂ ಒಂದು ನಿದ್ದೆ ಬಾಕಿ.

ಈ ರಸ್ತೆ ನಾಲ್ಕು ಲೇನ್ ಆದದ್ದು ವಾಜಪೇಯಿ ಕಾಲದಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಆಗ ಹೆದ್ದಾರಿ ಖಾತೆ ಯಾರ ಕೈಯಲ್ಲಿತ್ತು ಅಂತ ಕೇಳಿ ನೋಡಿ, ಬಹಳ ಜನ ಗಡ್ಕರಿ ಅಂದುಬಿಡುತ್ತಾರೆ. ನಿತಿನ್ ಗಡ್ಕರಿ ಆಗಿನ್ನೂ ಕೇಂದ್ರಕ್ಕೆ ಹೋಗಿರಲಿಲ್ಲ. 1995ರಿಂದ 1999ರವರೆಗೆ ಮಹಾರಾಷ್ಟ್ರದ ಲೋಕೋಪಯೋಗಿ ಮಂತ್ರಿಯಾಗಿದ್ದರು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಆ ಕಾಲದ ಕೆಲಸ, ಅದನ್ನು ಕಟ್ಟಿದ್ದು ರಾಜ್ಯದ ರಸ್ತೆ ಅಭಿವೃದ್ಧಿ ನಿಗಮ, ಎಂಎಸ್‌ಆರ್‌ಡಿಸಿ. ನಾಲ್ಕು ಮಹಾನಗರಗಳನ್ನು ಸೇರಿಸುವ ಸುವರ್ಣ ಚತುಷ್ಪಥ ಯೋಜನೆಯ ಭರಾಟೆಯ ವರ್ಷಗಳಲ್ಲಿ, ಅಂದರೆ 2000ದ ನವೆಂಬರ್‌ನಿಂದ 2004ರ ಮೇ ತನಕ, ದಿಲ್ಲಿಯ ಹೆದ್ದಾರಿ ಖಾತೆ ನೋಡಿಕೊಂಡವರು ಸೈನ್ಯದಿಂದ ನಿವೃತ್ತರಾಗಿ ಬಂದ ಮೇಜರ್ ಜನರಲ್ ಭುವನ್ ಚಂದ್ರ ಖಂಡೂರಿ. ಹುಟ್ಟಿದ್ದು 1934ರಲ್ಲಿ, ಡೆಹ್ರಾಡೂನ್‌ನಲ್ಲಿ. ಎಂಜಿನಿಯರಿಂಗ್ ಕಲಿತದ್ದು ನಮ್ಮ ದಾಪೋಡಿಯಲ್ಲಿ.

ಪಿಂಪ್ರಿ–ಚಿಂಚವಾಡದ ಕಡೆ ಇರುವವರಿಗೆ ಹಳೇ ಮುಂಬೈ ರಸ್ತೆಯ ಪಕ್ಕದ ಆ ಉದ್ದ ಕಾಂಪೌಂಡು ಗೊತ್ತೇ ಇದೆ. ಹ್ಯಾರಿಸ್ ಬ್ರಿಜ್ ದಾಟಿ ಕಾಸರವಾಡಿ ಕಡೆಗೆ ಬರುವಾಗ ಸಿಗುವ ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್, ಎಲ್ಲರ ಬಾಯಲ್ಲಿ ಸಿಎಂಇ. 1943ರಲ್ಲಿ ರೂರ್ಕಿಯಲ್ಲಿ ಶುರುವಾದ ಶಾಲೆ 1948ರಲ್ಲಿ ಇಲ್ಲಿಗೆ ಬಂತು, 1951ರಲ್ಲಿ ಈಗಿನ ಹೆಸರು ಪಡೆಯಿತು. ಸೈನ್ಯದ ಎಂಜಿನಿಯರ್ ಅಧಿಕಾರಿಗಳು ಸಿವಿಲ್ ಎಂಜಿನಿಯರಿಂಗ್ ಪದವಿಯನ್ನೂ ಯುದ್ಧಭೂಮಿಯ ಎಂಜಿನಿಯರಿಂಗನ್ನೂ ಕಲಿಯುವ ಜಾಗ ಅದು. ಖಂಡೂರಿ 1954ರಲ್ಲಿ ಕೋರ್ ಆಫ್ ಎಂಜಿನಿಯರ್ಸ್ ಸೇರಿದರು. 1971ರ ಯುದ್ಧದಲ್ಲಿ ರೆಜಿಮೆಂಟಿನ ನಾಯಕತ್ವ ವಹಿಸಿದ್ದರು. 1982ರಲ್ಲಿ ಅತಿ ವಿಶಿಷ್ಟ ಸೇವಾ ಪದಕ ಬಂತು.

ಈ ಪದಕದ ಬಗ್ಗೆ ಸ್ವಲ್ಪ ವಿವರ ಬೇಕು, ಏಕೆಂದರೆ ಇದನ್ನು ಶೌರ್ಯದ ಪದಕ ಅಂದುಕೊಳ್ಳುವ ಗೊಂದಲ ಹುಟ್ಟುವುದು ಇಲ್ಲೇ. ನಮ್ಮ ಸೈನ್ಯದ ಪದಕಗಳಲ್ಲಿ ಎರಡು ಬೇರೆ ಬೇರೆ ಸಾಲುಗಳಿವೆ. ಒಂದು ಶೌರ್ಯದ್ದು: ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಶತ್ರುವಿನ ಎದುರಲ್ಲದ ಶೌರ್ಯಕ್ಕೆ ಅಶೋಕ, ಕೀರ್ತಿ, ಶೌರ್ಯ ಚಕ್ರಗಳು. ಇನ್ನೊಂದು ಸೇವೆಯದು: ಪರಮ ವಿಶಿಷ್ಟ, ಅತಿ ವಿಶಿಷ್ಟ, ವಿಶಿಷ್ಟ ಸೇವಾ ಪದಕಗಳು. 1960ರಲ್ಲಿ ಇವನ್ನು ವಿಶಿಷ್ಟ ಸೇವಾ ಪದಕದ ಮೂರು ದರ್ಜೆಗಳಾಗಿ ಆರಂಭಿಸಿದರು, 1967ರಲ್ಲಿ ಹೆಸರು ಬದಲಾಯಿತು. ಹೊನ್ನಿನ ಬಣ್ಣದ ಪಟ್ಟಿಯ ಮೇಲೆ ಕಡುನೀಲಿ ಗೆರೆ ಒಂದಿದ್ದರೆ ಪರಮ, ಎರಡಿದ್ದರೆ ಅತಿ, ಮೂರಿದ್ದರೆ ಬರೀ ವಿಶಿಷ್ಟ. ಗೆರೆ ಹೆಚ್ಚಾದಷ್ಟೂ ದರ್ಜೆ ಇಳಿಯುತ್ತದೆ, ಫೋಟೋದಲ್ಲಿ ಎದೆ ನೋಡಿ ಲೆಕ್ಕ ಹಾಕುವವರು ಇಲ್ಲೇ ಎಡವುವುದು. ಯುದ್ಧಕಾಲದ ವಿಶಿಷ್ಟ ಸೇವೆಗೆಂದು ಯುದ್ಧ ಸೇವಾ ಪದಕಗಳ ಪ್ರತ್ಯೇಕ ಸಾಲು ಬಂದದ್ದು 1980ರಲ್ಲಿ.

ಅಂದರೆ ಖಂಡೂರಿ ಅವರ ಎದೆಯ ಮೇಲಿನ ಎರಡು ಗೆರೆಯ ಪದಕ ಗುಂಡಿಗೆ ಎದೆಯೊಡ್ಡಿದ್ದಕ್ಕೆ ಬಂದದ್ದಲ್ಲ. ವರ್ಷಗಟ್ಟಲೆ ಕೆಲಸವನ್ನು ಕಟ್ಟಿ ನಡೆಸಿದ್ದಕ್ಕೆ ಬಂದದ್ದು. ಚುನಾವಣೆಯ ವೇದಿಕೆಗಳಲ್ಲಿ 'ಯುದ್ಧವೀರ' ಎನ್ನುವುದು ಸುಲಭ, ಅವರು ಯುದ್ಧ ಮಾಡಿದವರು ಎಂಬುದೂ ನಿಜ. ಆದರೆ ಮಂತ್ರಿಯಾಗಿ ಅವರು ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂಬುದು ತಿಳಿಯಬೇಕಾದರೆ ಆ ಪದಕವನ್ನು ಅದರ ಸರಿಯಾದ ಸಾಲಿನಲ್ಲೇ ಇಟ್ಟು ನೋಡಬೇಕು.

ಸೈನ್ಯದ ಎಂಜಿನಿಯರನ್ನು ಸ್ಯಾಪರ್ ಅನ್ನುತ್ತಾರೆ. ಸ್ಯಾಪರ್‌ನ ಕೆಲಸ ಏನೆಂದು ಕೇಳಿದರೆ ಉತ್ತರ ಸರಳ: ನಮ್ಮವರಿಗೆ ದಾರಿ ಮಾಡಿಕೊಡುವುದು, ಎದುರಿನವರ ದಾರಿ ಕೆಡಿಸುವುದು. ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ ಕಾರವಾರದ ಬಳಿಯ ಚೆಂಡಿಯಾದಲ್ಲಿ ಹುಟ್ಟಿದ ರಾಮ ರಾಘೋಬ ರಾಣೆ. ಖಡಕಿಯಲ್ಲಿ ನೆಲೆ ಇರುವ ಬಾಂಬೆ ಸ್ಯಾಪರ್ಸ್‌ನವರು. 1948ರ ಏಪ್ರಿಲ್ 8ರಿಂದ 11ರವರೆಗೆ ಕಾಶ್ಮೀರ ಯುದ್ಧದ ನೌಶೇರಾ–ರಾಜೌರಿ ರಸ್ತೆಯಲ್ಲಿ ನೆಲದಲ್ಲಿ ಹುಗಿದ ಸಿಡಿಮದ್ದಿನ ಮೈನುಗಳನ್ನೂ ಅಡ್ಡ ಬಿದ್ದ ಮರಗಳನ್ನೂ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಮೊದಲ ದಿನವೇ ಮಾರ್ಟರ್ ಬಿದ್ದು ಅವರ ತಂಡದಲ್ಲಿ ಇಬ್ಬರು ಸತ್ತರು, ಐವರಿಗೆ ಗಾಯ, ಆ ಐವರಲ್ಲಿ ಇವರೂ ಒಬ್ಬರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರು, 1994ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಅದು ಶೌರ್ಯದ ಸಾಲು. ಕೆಲಸ ಮಾತ್ರ ಅದೇ, ರಸ್ತೆ ಬಿಡಿಸುವುದು.

ಆ ಕೆಲಸದ ಒಳಗನ್ನು ನೋಡಿದರೆ ಇಡೀ ತರಬೇತಿ ಕ್ರಮದ ಮೇಲೆ ನಿಂತಿದೆ. ಮೈನು ಹುಡುಕುವ ಚುಚ್ಚುಗೋಲನ್ನು ನೆಟ್ಟಗೆ ಇಳಿಸುವಂತಿಲ್ಲ, ಮೈನು ಸಿಡಿಯುವುದೇ ಮೇಲಿನ ಒತ್ತಡಕ್ಕೆ. ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಮೆಲ್ಲಗೆ ತಳ್ಳಬೇಕು, ಮೈನಿನ ಪಕ್ಕೆಗೆ ತಾಗಬೇಕು. ಸಿಕ್ಕಿದ್ದಕ್ಕೆ ಗುರುತು, ಬಿಡಿಸಿದ ಜಾಗದ ಎರಡೂ ಅಂಚಿಗೆ ಟೇಪು, ಆಮೇಲೆ ಮುಂದಿನ ಗೇಣು. ಒಂದು ಹೆಜ್ಜೆ ಬಿಟ್ಟು ಮುಂದಿನದಕ್ಕೆ ಹಾರುವಂತಿಲ್ಲ.

ಬೈಲಿ ಸೇತುವೆ ಇನ್ನೂ ಒಳ್ಳೆಯ ಉದಾಹರಣೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಡೊನಾಲ್ಡ್ ಬೈಲಿ ಎಂಬ ಬ್ರಿಟಿಷ್ ಎಂಜಿನಿಯರ್ ರೂಪಿಸಿದ್ದು. ಅದರ ಮೂಲ ಭಾಗ ಒಂದು ಉಕ್ಕಿನ ಚೌಕಟ್ಟು: 10 ಅಡಿ ಉದ್ದ, 5 ಅಡಿ ಎತ್ತರ, ಸುಮಾರು 260 ಕಿಲೋ. ಆರು ಜನ ಎತ್ತಿ ತರಬಹುದಾದ ತೂಕ, ಲೆಕ್ಕ ಹಾಕಿಯೇ ಹಾಗೆ ಮಾಡಿದ್ದು. ಚೌಕಟ್ಟುಗಳನ್ನು ಪಿನ್ ಹಾಕಿ ಜೋಡಿಸಿ ದಡದಲ್ಲೇ ರೋಲರ್‌ಗಳ ಮೇಲೆ ಸೇತುವೆ ಕಟ್ಟುತ್ತಾರೆ. ಮುಂಭಾಗಕ್ಕೆ 'ಮೂಗು' ಎನ್ನುವ ಹಗುರ ಭಾಗ ಸೇರಿಸಿ ಇಡೀ ಸೇತುವೆಯನ್ನು ಆಚೆ ದಡಕ್ಕೆ ತಳ್ಳುತ್ತಾರೆ. ಹಿಂಭಾಗದ ತೂಕ ಯಾವಾಗಲೂ ಮುಂಭಾಗಕ್ಕಿಂತ ಹೆಚ್ಚಿರಬೇಕು, ಲೆಕ್ಕ ತಪ್ಪಿದರೆ ಸೇತುವೆ ಮೂಗು ಮುಂದಾಗಿ ನದಿಗೆ ಮುಗ್ಗರಿಸುತ್ತದೆ. ಆಚೆ ದಡ ಮುಟ್ಟಿದ ಮೇಲೆ ಮೂಗು ಬಿಚ್ಚಿ, ಜಾಕ್ ಕೊಟ್ಟು, ರೋಲರ್ ತೆಗೆದು, ಪೀಠದ ಮೇಲೆ ಇಳಿಸಿ ಹಲಗೆ ಹಾಸುತ್ತಾರೆ. ಹೆಚ್ಚು ಭಾರ ಹೊರಬೇಕೆಂದರೆ ಚೌಕಟ್ಟುಗಳ ಸಾಲನ್ನು ಎರಡು, ಮೂರು ಮಾಡುತ್ತಾರೆ, ಭಾಗಗಳು ಅವೇ. 2024ರಲ್ಲಿ ವಯನಾಡಿನ ಚೂರಲ್‌ಮಲದಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕಟ್ಟಿದ 190 ಅಡಿಯ, 24 ಟನ್ ಹೊರುವ ಸೇತುವೆಯನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ.

ಇದನ್ನೆಲ್ಲ ಹೇಳಿದ್ದು ಏಕೆಂದರೆ ಚತುಷ್ಪಥ ಯೋಜನೆಯೂ ಇಂಥದ್ದೇ ಒಂದು ಕೆಲಸ: ಒಂದೇ ಅಳತೆಯ ತುಂಡುಗಳು, ನಿಗದಿತ ಕ್ರಮ, ತಲುಪಬೇಕಾದ ತಾರೀಕು. ದಿಲ್ಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಸೇರಿಸುವ 5,846 ಕಿಲೋಮೀಟರ್. ಅದರಲ್ಲಿ ಮುಂಬೈ–ಚೆನ್ನೈ ಭುಜ 1,290. ಕರ್ನಾಟಕದ ಪಾಲು 623, ಮಹಾರಾಷ್ಟ್ರದ್ದು 487. ವಾಜಪೇಯಿ ಶಂಕುಸ್ಥಾಪನೆ ಮಾಡಿದ್ದು 1999ರ ಜನವರಿಯಲ್ಲಿ. ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮ ಕಾರಿಡಾರುಗಳೂ ಸೇರಿ ಒಟ್ಟು ಅಂದಾಜು 1999ರ ಬೆಲೆಯಲ್ಲಿ 54,000 ಕೋಟಿ ರೂಪಾಯಿ.

ಮೊದಲ ಪ್ರಶ್ನೆ ಹಣದ್ದು. ಇಷ್ಟು ಹಣ ಎಲ್ಲಿಂದ? ನಮ್ಮ ಟ್ಯಾಂಕಿನಿಂದ. 1998ರಿಂದ ಪೆಟ್ರೋಲ್ ಲೀಟರಿಗೆ 1 ರೂಪಾಯಿ, 1999ರಿಂದ ಡೀಸೆಲ್ಲಿಗೂ ಅಷ್ಟೇ ಸೆಸ್. ಖಂಡೂರಿ ಖಾತೆ ವಹಿಸಿಕೊಂಡ ಎರಡನೇ ತಿಂಗಳಲ್ಲೇ, 2000ದ ಡಿಸೆಂಬರ್‌ನಲ್ಲಿ, ಕೇಂದ್ರ ರಸ್ತೆ ನಿಧಿ ಕಾಯ್ದೆ ಬಂದು ಈ ಸೆಸ್ ಯಾರಿಗೆ ಎಷ್ಟು ಎಂಬುದು ಕಾನೂನಿನಲ್ಲೇ ಬರೆಯಲ್ಪಟ್ಟಿತು. ಡೀಸೆಲ್ ಸೆಸ್‌ನ ಅರ್ಧ ಹಳ್ಳಿ ರಸ್ತೆಗಳಿಗೆ. ಉಳಿದರ್ಧ ಮತ್ತು ಪೆಟ್ರೋಲ್ ಸೆಸ್ ಪೂರ್ತಿ ಸೇರಿಸಿ ಅದರಲ್ಲಿ ಶೇ. 57.5 ರಾಷ್ಟ್ರೀಯ ಹೆದ್ದಾರಿಗೆ, ಶೇ. 30 ರಾಜ್ಯದ ರಸ್ತೆಗಳಿಗೆ, ಶೇ. 12.5 ರೈಲ್ವೆ ಮೇಲ್ಸೇತುವೆ ಮತ್ತು ಗೇಟುಗಳಿಗೆ. 2003ರಲ್ಲಿ ಸೆಸ್ 50 ಪೈಸೆ ಏರಿತು. ಇದರ ದೊಡ್ಡ ಅನುಕೂಲ ಏನೆಂದರೆ ಪ್ರತಿ ವರ್ಷ ಹಣಕಾಸು ಮಂತ್ರಿಯ ಮುಂದೆ ಕೈಯೊಡ್ಡಬೇಕಿಲ್ಲ. ಖಾತ್ರಿಯಾಗಿ ಬರುವ ಹಣವಿದ್ದಾಗ ಹೆದ್ದಾರಿ ಪ್ರಾಧಿಕಾರ ಅದನ್ನು ತೋರಿಸಿ ಮಾರುಕಟ್ಟೆಯಲ್ಲೂ ಸಾಲ ಎತ್ತಬಹುದು. ತುಮಕೂರು–ಹಾವೇರಿ ಭಾಗಕ್ಕೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ಬಂತು. ರಸ್ತೆಯಷ್ಟೇ ಮುಖ್ಯವಾದದ್ದು ಈ ಹಣದ ಕೊಳವೆ, ಆದರೆ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಎರಡನೆಯದು ಜಮೀನು. ಇದು ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರ ಕೆಳಗೆ ನಡೆಯುತ್ತದೆ. 1997ರ ತಿದ್ದುಪಡಿ ಅದಕ್ಕೆ ವೇಗ ಕೊಟ್ಟಿತು. ಕ್ರಮ ಹೀಗೆ: ಆ ಕಾಯ್ದೆಯ 3ಎ ಕಲಮಿನ ಅಧಿಸೂಚನೆ ಬರುತ್ತದೆ, ಈ ಸರ್ವೆ ನಂಬರುಗಳು ಬೇಕು ಎಂದು. ತಕರಾರಿಗೆ 21 ದಿನ. ಸಕ್ಷಮ ಪ್ರಾಧಿಕಾರಿ ವಿಚಾರಣೆ ಮಾಡಿ ವರದಿ ಕೊಟ್ಟ ಮೇಲೆ 3ಡಿ ಘೋಷಣೆ, ಅದು ಹೊರಬಿದ್ದ ಕ್ಷಣವೇ ಜಮೀನು ಕೇಂದ್ರ ಸರ್ಕಾರದ್ದು. 3ಎ ಆಗಿ ಒಂದು ವರ್ಷದೊಳಗೆ 3ಡಿ ಆಗದಿದ್ದರೆ ಮೊದಲ ಅಧಿಸೂಚನೆ ಸತ್ತಂತೆ, ಮತ್ತೆ ಮೊದಲಿಂದ ಶುರು. ಪರಿಹಾರದ ಲೆಕ್ಕ 3ಜಿ. ಹಣ ಠೇವಣಿ ಇಟ್ಟು, ಬಿಟ್ಟುಕೊಡಲು 60 ದಿನದ ನೋಟಿಸು ಕೊಟ್ಟು ಸ್ವಾಧೀನ. ಕಾಗದದ ಮೇಲೆ ಚೆಂದ. ಊರಲ್ಲಿ ಆಗುವುದು ಬೇರೆ: ಅಪ್ಪನ ಹೆಸರಲ್ಲೇ ಉಳಿದ ಪಹಣಿ, ಭಾಗವಾಗದ ಅಣ್ಣತಮ್ಮಂದಿರು, ರಸ್ತೆ ಬದಿಯ ಗುಡಿ, ಬೇರೆ ಇಲಾಖೆಯ ವಿದ್ಯುತ್ ಕಂಬ ಮತ್ತು ನೀರಿನ ಪೈಪು, ಅರಣ್ಯ ಇಲಾಖೆಯ ಮರ. ಹತ್ತು ಕಿಲೋಮೀಟರ್ ತುಂಡಿನಲ್ಲಿ ಮುನ್ನೂರು ಮೀಟರ್ ಸಿಗದಿದ್ದರೆ ಗುತ್ತಿಗೆದಾರನ ಯಂತ್ರಗಳೆಲ್ಲ ನಿಂತಲ್ಲೇ ನಿಲ್ಲುತ್ತವೆ. ಆಮೇಲೆ ಅವನು ಪ್ರಾಧಿಕಾರದ ಮೇಲೇ ನಷ್ಟಪರಿಹಾರದ ಕ್ಲೇಮು ಹಾಕುತ್ತಾನೆ.

ಈ ವೇಗದ ಬೆಲೆಯನ್ನು ರೈತರು ತೆತ್ತರು, ಅದನ್ನೂ ಹೇಳಲೇಬೇಕು. ಹಳೆಯ ಭೂಸ್ವಾಧೀನ ಕಾಯ್ದೆಯಲ್ಲಿ ಜಮೀನು ಕಳೆದುಕೊಂಡವನಿಗೆ ಬೆಲೆಯ ಮೇಲೆ ಶೇ. 30 ಸೊಲೇಶಿಯಂ, ಅಂದರೆ ಹೆಚ್ಚುವರಿ ಪರಿಹಾರ, ಸಿಗುತ್ತಿತ್ತು. 1997ರ ತಿದ್ದುಪಡಿಯ 3ಜೆ ಎಂಬ ಕಲಮು ಆ ಕಾಯ್ದೆ ಇಲ್ಲಿ ಅನ್ವಯಿಸುವುದಿಲ್ಲ ಎಂದಿತು, ಹೆದ್ದಾರಿಗೆ ಕೊಟ್ಟವರಿಗೆ ಸೊಲೇಶಿಯಂ ಹೋಯಿತು. ಅದೇ ಹೊಲವನ್ನು ಕಾಲುವೆಗೆ ಕೊಟ್ಟಿದ್ದರೆ ಸಿಗುತ್ತಿತ್ತು. ಸುಪ್ರೀಂ ಕೋರ್ಟ್ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಇದು ಸಂವಿಧಾನಕ್ಕೆ ವಿರುದ್ಧ ಅಂದದ್ದು 2019ರ ಸೆಪ್ಟೆಂಬರ್‌ನಲ್ಲಿ. ಕಲಮು ಖಂಡೂರಿ ಅವರಿಗಿಂತ ಮೊದಲಿನದು, ಆದರೆ ಅವರ ಕಾಲದ ವೇಗ ಓಡಿದ್ದು ಅದರ ಮೇಲೆಯೇ.

ಮೂರನೆಯದು ಮಣ್ಣು. ಧಾರವಾಡ, ಹುಬ್ಬಳ್ಳಿ ಸೀಮೆಯ ಎರೆ ಮಣ್ಣು ಹತ್ತಿಗೆ ಎಷ್ಟು ಒಳ್ಳೆಯದೋ ರಸ್ತೆಗೆ ಅಷ್ಟೇ ಕೆಟ್ಟದ್ದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದಕ್ಕೇ ಅದನ್ನು ಅಗೆದು ತೆಗೆದು ಬೇರೆ ಮಣ್ಣು ತುಂಬಬೇಕು, ಇಲ್ಲವೇ ಸುಣ್ಣ ಬೆರೆಸಿ ಪಳಗಿಸಬೇಕು. ಮೇಲಿನ 500 ಮಿಲಿಮೀಟರ್ ಮಣ್ಣನ್ನು ಪದರ ಪದರವಾಗಿ ನೀರು ಕೊಟ್ಟು, ಲ್ಯಾಬಿನಲ್ಲಿ ಸಿಕ್ಕ ಗರಿಷ್ಠ ಸಾಂದ್ರತೆಯ ಶೇ. 97 ಬರುವ ತನಕ ರೋಲರ್ ಹೊಡೆಯಬೇಕು. ಅದರ ಮೇಲೆ ಜಿಎಸ್‌ಬಿ ಎನ್ನುವ ಜಲ್ಲಿ ಪದರ, ಅದರ ಮೇಲೆ ನೀರು ಬೆರೆಸಿ ಹಾಸುವ ವೆಟ್ ಮಿಕ್ಸ್, ಆಮೇಲೆ ಎರಡು ಡಾಂಬರು ಪದರ. ತೀರಾ ಮೇಲಿನ ಡಾಂಬರು 40–50 ಮಿಲಿಮೀಟರ್ ಮಾತ್ರ. ಡಾಂಬರು ಮಿಶ್ರಣ ರೋಲರ್ ಮುಗಿಯುವ ಹೊತ್ತಿಗೆ 90 ಡಿಗ್ರಿಗಿಂತ ಕೆಳಗಿಳಿದರೆ ಅದು ಕೂರುವುದಿಲ್ಲ. ಪ್ಲಾಂಟಿನಿಂದ ದೂರ ಹೆಚ್ಚಾಗಿ ಟಿಪ್ಪರ್‌ಗಳು ಸಾಲುಗಟ್ಟಿ ನಿಂತರೆ ಆಗುವುದೇ ಇದು.

ಕಣ್ಣಿಗೆ ಬೀಳದ ಮೋಸ ಮಾತ್ರ ಜಿಎಸ್‌ಬಿ ಪದರದಲ್ಲಿ. ಆ ಜಲ್ಲಿ ಪದರ ರಸ್ತೆಯ ಅಂಚು ದಾಟಿ ಏರಿಯ ಇಳಿಜಾರಿನ ತನಕ ಹೋಗಿ ಬಯಲಿಗೆ ತೆರೆದುಕೊಳ್ಳಬೇಕು, ಒಳಗಿಳಿದ ನೀರು ಹೊರಗೆ ಹೋಗುವ ದಾರಿ ಅದೇ. ಜಲ್ಲಿ ಉಳಿಸಲು ಗುತ್ತಿಗೆದಾರ ಅದನ್ನು ಅಂಚಿಗೇ ನಿಲ್ಲಿಸಿ ಪಕ್ಕಕ್ಕೆ ಮಣ್ಣು ಸುರಿದರೆ ಉದ್ಘಾಟನೆಯ ದಿನ ಏನೂ ಕಾಣುವುದಿಲ್ಲ. ಎರಡು ಮಳೆಗಾಲ ಕಳೆಯಲಿ, ಎಡಗಡೆಯ ಲೇನಿನಲ್ಲಿ, ಲಾರಿ ಗಾಲಿ ಓಡುವ ಜಾಡಿನಲ್ಲೇ, ಮೊಸಳೆ ಚರ್ಮದ ಹಾಗೆ ಬಿರುಕು ಏಳುತ್ತದೆ. ಮೇಲೆ ಎಷ್ಟು ಡಾಂಬರು ತೇಪೆ ಹಾಕಿದರೂ ಅದು ನಿಲ್ಲದು.

ಇಂಥ ಮೋಸವನ್ನು ಹಿಡಿಯುವವನು ಮಂತ್ರಿಯಲ್ಲ, ಸ್ಥಳದಲ್ಲಿ ನಿಂತ ಎಂಜಿನಿಯರ್. ಸತ್ಯೇಂದ್ರ ದುಬೆ ಹೆಸರು ಇಲ್ಲಿ ಬರಬೇಕು. ಕಾನ್ಪುರ ಐಐಟಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್, ಹೆದ್ದಾರಿ ಪ್ರಾಧಿಕಾರದಲ್ಲಿದ್ದು ಜಾರ್ಖಂಡಿನ ಕೋಡರ್ಮಾ ಭಾಗದ ಚತುಷ್ಪಥ ಕೆಲಸ ನೋಡಿಕೊಳ್ಳುತ್ತಿದ್ದವರು. ದೊಡ್ಡ ಕಂಪನಿಗಳು ಗುತ್ತಿಗೆ ಹಿಡಿದು, ಯೋಗ್ಯತೆ ಇಲ್ಲದ ಸಣ್ಣ ಗುತ್ತಿಗೆದಾರರಿಗೆ ತುಂಡು ತುಂಡಾಗಿ ಹಂಚುತ್ತಿವೆ ಎಂದು 2002ರ ನವೆಂಬರ್‌ನಲ್ಲಿ ಪ್ರಧಾನಿಗೆ ಪತ್ರ ಬರೆದರು, ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡರು. ಪತ್ರ ಹೆಸರಿನ ಸಮೇತ ಮೇಜಿನಿಂದ ಮೇಜಿಗೆ ಓಡಾಡಿತು. 2003ರ ನವೆಂಬರ್ 27ರ ನಸುಕಿನಲ್ಲಿ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಸಿಬಿಐ ಇದನ್ನು ದರೋಡೆಯ ಕೊಲೆ ಎಂದಿತು, 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ದೂರು ಕೊಡುವವರ ಗುರುತು ಕಾಯುವ ಸರ್ಕಾರಿ ನಿರ್ಣಯ 2004ರಲ್ಲಿ ಬಂದದ್ದು ಈ ಸಾವಿನ ನಂತರವೇ.

ಖಂಡೂರಿ ಆಗ ಸಂಪುಟ ದರ್ಜೆಯ ಮಂತ್ರಿ. 2003ರ ಮೇನಲ್ಲಿ ಬಡ್ತಿ ಸಿಕ್ಕಿತ್ತು. ಅವರ ಮೇಲೆ ವೈಯಕ್ತಿಕವಾಗಿ ಕೈ ಕೆಸರಾದ ಆರೋಪ ಇರಲಿಲ್ಲ, ಕಟ್ಟುನಿಟ್ಟಿನ ಮನುಷ್ಯ ಎಂದೇ ಹೆಸರು. ಆದರೆ ಸ್ಯಾಪರ್ ರೆಜಿಮೆಂಟಿನಲ್ಲಿ ಮೈನು ಕಂಡವನು ಕೂಗಿದರೆ ಇಡೀ ಸಾಲು ನಿಲ್ಲುತ್ತದೆ. ಸಿವಿಲ್ ಕಚೇರಿಯಲ್ಲಿ ಕೂಗಿದವನ ಹೆಸರೇ ಮೊದಲು ಫೈಲಿನಲ್ಲಿ ಸುತ್ತುತ್ತದೆ. ಸೈನ್ಯದಿಂದ ಬಂದ ಮಂತ್ರಿಗಳು ಆಜ್ಞೆ ಕೆಳಗಿಳಿಯುವ ದಾರಿಯನ್ನು ಚೆನ್ನಾಗಿ ಕಟ್ಟುತ್ತಾರೆ. ಸುದ್ದಿ ಮೇಲೇರುವ ದಾರಿ ಅಲ್ಲಿ ಮೊದಲೇ ಇರುತ್ತದೆ ಅಂದುಕೊಂಡುಬಿಡುತ್ತಾರೆ, ಸಿವಿಲ್ ವ್ಯವಸ್ಥೆಯಲ್ಲಿ ಅದು ಇರುವುದಿಲ್ಲ. ಚತುಷ್ಪಥದ ಕಥೆಯಲ್ಲಿ ನನಗೆ ಕಾಣುವ ದೊಡ್ಡ ಬಿರುಕು ಇದೇ.

ತಾರೀಕಿನ ವಿಷಯ: 2003ರ ಡಿಸೆಂಬರ್‌ಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಪೂರ್ತಿಯಾಯಿತು ಎಂದು ಸರ್ಕಾರ ಘೋಷಿಸಿದ್ದು 2012ರ ಜನವರಿಯಲ್ಲಿ. ನಮ್ಮ ದಾರಿಯ ಮಟ್ಟಿಗೆ ಹೇಳುವುದಾದರೆ ಸಾತಾರಾದಿಂದ ಕಾಗಲ್ ತನಕದ ತುಂಡನ್ನು ಮತ್ತೆ ಎಂಎಸ್‌ಆರ್‌ಡಿಸಿಯೇ ಮಾಡಿತು. ಪುಣೆ–ಸಾತಾರಾ ಆರು ಲೇನಿನ ಕೆಲಸ ಆಮೇಲಿನದು, ಅದರ ಕಥೆ ಬರೆಯಲು ಬೇರೆಯೇ ದಿನ ಬೇಕು. ಆ ಹೊತ್ತಿಗೆ ಎನ್‌ಎಚ್ 4 ಎಂಬ ನಂಬರೂ ಹೋಗಿ 48 ಆಗಿತ್ತು.

ಇನ್ನೂ ಉಳಿದ ಕೊರತೆಗಳು ಆ ಆತುರದ ಕಾಲವನ್ನೇ ನೆನಪಿಸುತ್ತವೆ. ಹುಬ್ಬಳ್ಳಿ–ಧಾರವಾಡ ಬೈಪಾಸ್ ನೋಡಿ. ಚತುಷ್ಪಥಕ್ಕಿಂತ ಮೊದಲೇ ಅದನ್ನು ಖಾಸಗಿಯವರಿಗೆ ಕಟ್ಟಿ, ಟೋಲ್ ವಸೂಲಿ ಮಾಡಿ, ಮರಳಿಸುವ ಕರಾರಿನ ಮೇಲೆ ಎರಡು ಲೇನಿನದಾಗಿ ಕೊಟ್ಟಾಗಿತ್ತು. ಕರಾರು ಮುಗಿಯುವ ತನಕ ಕೈ ಹಾಕುವಂತಿಲ್ಲ. ಹೀಗಾಗಿ ಎರಡೂ ಕಡೆಯಿಂದ ನಾಲ್ಕು ಲೇನಿನಲ್ಲಿ ಜೋರಾಗಿ ಬಂದ ಗಾಡಿಗಳು, ನಡುವೆ ವಿಭಜಕವಿಲ್ಲದ ಮೂವತ್ತು ಕಿಲೋಮೀಟರ್‌ಗೆ ಬಂದು ಬೀಳುತ್ತಿದ್ದವು. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ದಾವಣಗೆರೆಯ ಗೆಳತಿಯರು ಗೋವಾಕ್ಕೆ ಹೊರಟಿದ್ದ ಗಾಡಿಗೆ ಟಿಪ್ಪರ್ ಎದುರಾದದ್ದು ಇಲ್ಲೇ. ಅಗಲ ಮಾಡುವ ಕೆಲಸ ಕೈಗೆತ್ತಿಕೊಂಡದ್ದು ಅದಾದ ಮೇಲೆ.

ಪುಣೆಯ ಕಡೆ ನವಲೆ ಪೂಲ್ ಎಂಬ ಸೇತುವೆ ಇದೆ. ಸಾತಾರಾ ಕಡೆಯಿಂದ ಹೊಸ ಕಾತ್ರಜ್ ಸುರಂಗ ದಾಟಿದ ಲಾರಿಗೆ ನವಲೆ ತನಕ ಉದ್ದಕ್ಕೂ ಇಳಿಜಾರು. ಡೀಸೆಲ್ ಉಳಿಸಲು ಡ್ರೈವರ್ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುತ್ತಾನೆ. ಆಗ ಎಂಜಿನ್ನಿನ ಹಿಡಿತ ಇರುವುದಿಲ್ಲ, ಇಡೀ ತೂಕ ಬ್ರೇಕಿನ ಮೇಲೆ. ಡ್ರಮ್ಮು ಕಾಯ್ದು ಲೈನಿಂಗ್ ಜಾರತೊಡಗಿದಾಗ ಎದುರಿಗೆ ಊರಿನ ಟ್ರಾಫಿಕ್ ನಿಂತಿರುತ್ತದೆ. 2022ರ ನವೆಂಬರ್‌ನಲ್ಲಿ ಒಂದೇ ಅಪಘಾತದಲ್ಲಿ 48 ಗಾಡಿಗಳು ಜಜ್ಜಿಹೋದವು. ಊರಿಂದ ವಾಪಸು ಬರುವವರು ಸುರಂಗ ದಾಟಿದ ಮೇಲೆ ಲಾರಿಯ ಮುಂದೆ ಹೋಗಿ ವೇಗ ತಗ್ಗಿಸಬೇಡಿ, ಮೂರು ಅಥವಾ ನಾಲ್ಕನೇ ಗೇರಿನಲ್ಲಿ ಎಡಕ್ಕೆ ಇಳಿಯಿರಿ. ಪುಣೆ–ಸಾತಾರಾ ನಡುವಿನ ಖಂಬಾಟ್ಕಿ ಘಾಟಿನ ಎಸ್ ತಿರುವೂ ಅಂಥದ್ದೇ. ಹಳೇ ದಾರಿಯಲ್ಲಿ ಪುಣೆಯಿಂದ ಹೋಗುವವರು ಘಾಟ್ ಹತ್ತುತ್ತಾರೆ, ಬರುವವರಿಗೆ ಸುರಂಗ. ಸುರಂಗದಿಂದ ಹೊರಬಿದ್ದ ಕೂಡಲೇ ಇಳಿಜಾರಿನಲ್ಲಿ ಆ ಜೋಡಿ ತಿರುವು. ಅದನ್ನು ತಪ್ಪಿಸಲೆಂದೇ ಹೊಸ ಜೋಡಿ ಸುರಂಗ ತೋಡಬೇಕಾಯಿತು.

ದಿಲ್ಲಿಯಲ್ಲಿ ಸರ್ಕಾರ ಬದಲಾದ ನಂತರದ ಖಂಡೂರಿ ಅವರ ರಾಜಕೀಯ ಬೇಗ ಹೇಳಿ ಮುಗಿಸಬಹುದು. 2007ರ ಮಾರ್ಚ್‌ನಲ್ಲಿ ಉತ್ತರಾಖಂಡದ ಮುಖ್ಯಮಂತ್ರಿಯಾದರು. ಅವರಿಗೆ ವಿಧಾನಸಭೆಗೆ ಬರಲು ಧುಮಾಕೋಟ್ ಕ್ಷೇತ್ರ ಬಿಟ್ಟುಕೊಟ್ಟವರು ಕಾಂಗ್ರೆಸ್ಸಿನ ಶಾಸಕ, ಅವರೂ ನಿವೃತ್ತ ಲೆಫ್ಟಿನೆಂಟ್ ಜನರಲ್ಲೇ, ಟಿ.ಪಿ.ಎಸ್. ರಾವತ್. ಗಢವಾಲದ ರಾಜಕೀಯದಲ್ಲಿ ಸೈನ್ಯದ ನಂಟು ಪಕ್ಷಕ್ಕಿಂತ ಗಟ್ಟಿ ಇದ್ದೀತು. 2009ರಲ್ಲಿ ಬಿಜೆಪಿ ಅಲ್ಲಿನ ಐದೂ ಲೋಕಸಭಾ ಸೀಟು ಸೋತಾಗ ಕುರ್ಚಿ ಹೋಯಿತು, 2011ರ ಸೆಪ್ಟೆಂಬರ್‌ನಲ್ಲಿ ಮರಳಿ ಬಂತು. ಆ ನವೆಂಬರ್ 1ರಂದು ಪಾಸಾದ ಲೋಕಾಯುಕ್ತ ಮಸೂದೆ ಮುಖ್ಯಮಂತ್ರಿಯನ್ನೂ ವ್ಯಾಪ್ತಿಗೆ ತಂದಿತು, ರಾಳೇಗಣ ಸಿದ್ಧಿಯಿಂದ ಅಣ್ಣಾ ಹಜಾರೆ ಹೊಗಳಿದರು. ಮುಖ್ಯಮಂತ್ರಿಯ ಮೇಲೆ ತನಿಖೆಗೆ ಲೋಕಾಯುಕ್ತದ ಎಲ್ಲ ಸದಸ್ಯರ ಒಪ್ಪಿಗೆ ಬೇಕೆಂಬ ಷರತ್ತು ಅದರಲ್ಲೇ ಇತ್ತು, ಹಲ್ಲು ಕೊಟ್ಟು ಬಾಯಿ ಹೊಲಿದಂತೆ. 2012ರ ಚುನಾವಣೆಯಲ್ಲಿ 'ಖಂಡೂರಿ ಹೈ ಜರೂರಿ', ಅಂದರೆ ಖಂಡೂರಿ ಬೇಕೇ ಬೇಕು ಎಂದು ಪಕ್ಷ ಊರೆಲ್ಲ ಕೂಗಿತು. ಪಕ್ಷಕ್ಕೆ 31, ಕಾಂಗ್ರೆಸ್ಸಿಗೆ 32. ಕೋಟ್‌ದ್ವಾರದಲ್ಲಿ ಖಂಡೂರಿ ಸ್ವತಃ ಸೋತರು.

ಆದರೆ ಸೈನಿಕನಾಗಿ ಅವರು ಮಾಡಿದ ಕೊನೆಯ ದೊಡ್ಡ ಕೆಲಸ ಮಂತ್ರಿಗಿರಿ ಇಲ್ಲದಾಗ ನಡೆದದ್ದು. 2014ರಲ್ಲಿ ಮತ್ತೆ ಲೋಕಸಭೆಗೆ ಬಂದ ಅವರು ರಕ್ಷಣಾ ಸ್ಥಾಯಿ ಸಮಿತಿಯ ಅಧ್ಯಕ್ಷರಾದರು. 2018ರ ಮಾರ್ಚ್‌ನಲ್ಲಿ ಮಂಡಿಸಿದ ವರದಿಯಲ್ಲಿ ಸೈನ್ಯದ ಉಪಮುಖ್ಯಸ್ಥರು ಸಮಿತಿಯ ಮುಂದೆ ಕೊಟ್ಟ ಲೆಕ್ಕವನ್ನು ಹಾಗೆಯೇ ಅಚ್ಚು ಹಾಕಿಸಿದರು: ಉಪಕರಣಗಳಲ್ಲಿ ಶೇ. 68 ಹಳೇ ಕಾಲದ್ದು, ಶೇ. 24 ಈಗಿನದು, ಶೇ. 8 ಮಾತ್ರ ಅತ್ಯಾಧುನಿಕ. ಇರಬೇಕಾದದ್ದು ಮೂರೂ ಹೆಚ್ಚುಕಡಿಮೆ ಸಮ. ಆಧುನೀಕರಣಕ್ಕೆ ಕೊಟ್ಟದ್ದು 21,338 ಕೋಟಿ, ಆಗಲೇ ಸಹಿಯಾದ 125 ಯೋಜನೆಗಳ ಕಂತಿಗೇ 29,033 ಕೋಟಿ ಬೇಕು. ಅಂದರೆ ಹೊಸದು ಕೊಳ್ಳುವ ಮಾತು ಹಾಗಿರಲಿ, ಹಳೇ ಬಾಕಿಯೂ ತೀರುವುದಿಲ್ಲ. ಸ್ವಂತ ಪಕ್ಷದ ಸರ್ಕಾರದ ಬಜೆಟ್ಟಿನ ಬಗ್ಗೆ ಬರೆದ ವರದಿ ಇದು. ಸೆಪ್ಟೆಂಬರ್‌ನಲ್ಲಿ ಸಮಿತಿ ಮರುರಚನೆಯಾದಾಗ ಅಧ್ಯಕ್ಷತೆ ಕಲ್‌ರಾಜ್ ಮಿಶ್ರಾ ಅವರಿಗೆ ಹೋಯಿತು.

ಹೆದ್ದಾರಿ ಖಾತೆಗೆ ಆಮೇಲೆ ಇನ್ನೊಬ್ಬ ಜನರಲ್ ರಾಜ್ಯ ಸಚಿವರಾಗಿ ಬಂದರು: ಹಿಂದೆ ಸೇನಾ ಮುಖ್ಯಸ್ಥರಾಗಿದ್ದ ವಿ.ಕೆ. ಸಿಂಗ್, 2019ರಿಂದ 2024ರವರೆಗೆ. ಹುಟ್ಟಿದ್ದು ಪುಣೆಯಲ್ಲಿ. ಅವರ ಎದೆಯ ಮೇಲೆ ಪರಮ, ಅತಿ ಎರಡೂ ಇವೆ, ಜೊತೆಗೆ ಯುದ್ಧ ಸೇವಾ ಪದಕ. ಸಿಂಗ್ ಕಾಲಕ್ಕೆ ಖಾತೆಯ ಸೂತ್ರ ಸಂಪುಟ ಸಚಿವ ಗಡ್ಕರಿ ಕೈಯಲ್ಲಿತ್ತು, ಖಂಡೂರಿ ಕಾಲಕ್ಕೆ ಖಂಡೂರಿ ಕೈಯಲ್ಲೇ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಮೊದಲು ಅದನ್ನು ನೋಡಬೇಕು.